ಮುಂಗಾಜಿನ ಚಿಕ್ಕ ಪಂಪು

ಕಾಫಿ ಮೂಟೆ, ಅಡಿಕೆ ಚೀಲ, ಆಳುಕಾಳು, ಶಾಲೆಯ ಮಕ್ಕಳು ಎಲ್ಲರನ್ನೂ ಎಲ್ಲವನ್ನೂ ಹೊರುವ ನಮ್ಮ ಹಳೆಯ ಜೀಪುಗಳ ಎಂಜಿನ್ನನ್ನು ನಾವು ಜತನದಿಂದ ನೋಡಿಕೊಳ್ಳುತ್ತೇವೆ. ಮುಂಗಾಜಿಗೆ ನೀರು ಚಿಮ್ಮುವ ಪಂಪು ಕೆಟ್ಟರೆ ಮಾತ್ರ, ಮಳೆಗಾಲದಲ್ಲಿ ನೀರಿಗೇನು ಬರವೆಂದು ಸುಮ್ಮನಾಗುತ್ತೇವೆ. ಆದರೆ ಅಪಾಯವಿರುವುದು ಮಳೆ ಹೊಳವಾದಾಗಲೇ. ಘಾಟಿಯಲ್ಲಿ ಎದುರು ಲಾರಿ ಎರಚಿದ ಕೆಸರನ್ನು ಒಣ ವೈಪರ್ ಅಳಿಸುವುದಿಲ್ಲ, ಗಾಜಿಗೆಲ್ಲ ಬಳಿಯುತ್ತದೆ. ತಿರುವಿನಲ್ಲಿ ದಾರಿಯೇ ಕಾಣದು.

ಹಾಗೆಂದು ಕೂಡಲೇ ಹೊಸ ಪಂಪು ಕೊಳ್ಳಬೇಕಿಲ್ಲ. ಗುಂಡಿ ಒತ್ತಿದಾಗ ಮೋಟಾರಿನ ಸದ್ದು ಕೇಳಿಯೂ ನೀರು ಬಾರದಿದ್ದರೆ ಚಿಮ್ಮುವ ತೂತು, ಕೊಳವೆ, ಪಾಚಿ ಕಟ್ಟಿದ ಡಬ್ಬಿಗಳನ್ನು ಶುಚಿಗೊಳಿಸಿರಿ. ಸದ್ದೇ ಇಲ್ಲವಾದರೆ ಫ್ಯೂಸು ನೋಡಿರಿ. ಬಳಿಕ ಪಂಪಿನ ತಂತಿಗಳಿಗೆ ಬಲ್ಬು ಹಿಡಿದು ಗುಂಡಿ ಒತ್ತಿಸಿರಿ. ಬಲ್ಬು ಚೆನ್ನಾಗಿ ಉರಿದರೆ ದೋಷ ಪಂಪಿನದೇ. ಬ್ಯಾಟರಿ 12 ವೋಲ್ಟಿನದಾದರೆ ಹೊಸ ಪಂಪೂ 12 ವೋಲ್ಟಿನದೇ ಇರಲಿ. ಡಬ್ಬಿಗೆ ಕೂರುವ ರಬ್ಬರನ್ನೂ ಬದಲಿಸಿರಿ, ಇಲ್ಲವಾದರೆ ನೀರು ಸೋರುತ್ತದೆ. ಡಬ್ಬಿ ಬರಿದಾದಾಗ ಗುಂಡಿ ಒತ್ತುತ್ತಿದ್ದರೆ ಹೊಸ ಪಂಪೂ ಬಾಳದು.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪನ್ನು ನಾವು ಮಳೆಗೆ ಮುಂಚೆಯೇ ಬಿಚ್ಚಿ ಸಜ್ಜುಗೊಳಿಸುತ್ತೇವೆ. ಅದೇ ದಿನ ಜೀಪಿನ ಈ ಚಿಕ್ಕ ಪಂಪನ್ನೂ ನೋಡುವ ರೂಢಿ ನಮ್ಮಲ್ಲಿ ಬರಬೇಕು. ಒಂದು ಫಸಲು ಹೋದರೆ ಮುಂದಿನ ವರ್ಷವಿದೆ. ಜೀವಕ್ಕೆ ಆ ಮಾತಿಲ್ಲ.