ರೋಗಕ್ಕೆ ಐದು ವರ್ಷಗಳ ಗಡುವು

ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲಿ ಬಡವರ ಔಷಧೋಪಚಾರದ ವೆಚ್ಚವನ್ನು ಸರಕಾರವೇ ವಹಿಸುವ ‘ಮೆಡಿಕೇಡ್’ ಎಂಬ ಏರ್ಪಾಡು 1965ರಿಂದ ನಡೆದುಬಂದಿರುವುದಷ್ಟೆ. 1996ನೆಯ ಇಸವಿ ಆಗಸ್ಟ್ 22ರಂದು ಅಧ್ಯಕ್ಷ ಕ್ಲಿಂಟನ್ನರ ಅಂಕಿತ ಪಡೆದ ಶಾಸನವು ಇದಕ್ಕೊಂದು ವಿಚಿತ್ರವಾದ ಕಟ್ಟನ್ನು ವಿಧಿಸಿತು. ಆ ಬಳಿಕ ಕ್ರಮವಾಗಿಯೇ ಬಂದು ಶಾಶ್ವತವಾಸದ ಪರವಾನಗಿ ಪಡೆದವನೂ ಸಾಮಾನ್ಯವಾಗಿ ಐದು ವರ್ಷ ತುಂಬುವವರೆಗೆ ಅರ್ಹನಲ್ಲ. ಕಳ್ಳದಾರಿಯಿಂದ ನುಸುಳಿದವರ ಮಾತನ್ನು ನಾವಿಲ್ಲಿ ಎತ್ತಿಲ್ಲವೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಹೆಬ್ಬಾಗಿಲಿನಿಂದ ಒಳಗೆ ಕರೆದು ಕುಳ್ಳಿರಿಸಿದವರ ಮಾತಿದು. ಮಕ್ಕಳು ಕರೆಸಿಕೊಂಡುದರಿಂದ ಮುಪ್ಪಿನಲ್ಲಿ ಅಲ್ಲಿಗೆ ಹೋಗಿ ನೆಲಸಿದ ನಮ್ಮ ಕಡೆಯ ತಂದೆತಾಯಿಗಳೂ ಇವರಲ್ಲಿ ಸೇರಿರುವರು.

ಪೂರ್ವಪಕ್ಷಿಗಳು ಹೇಳುವುದೇನೆಂದರೆ, ಪರದೇಶಕ್ಕೆ ಹೋಗುವವನು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಹೋಗತಕ್ಕದ್ದು. ಧರ್ಮಛತ್ರದ ಆಸೆಯಿಂದ ಯಾರೂ ಬರಕೂಡದು, ಎಂದು. ಕೇಳುವುದಕ್ಕೇನೋ ಸೊಗಸಾಗಿದೆ. ಆದರೆ ಅವನ ಮೊದಲನೆಯ ಸಂಬಳದಿಂದಲೇ ತೆರಿಗೆಯನ್ನು ಮುರಿದುಕೊಳ್ಳುವ ಬೊಕ್ಕಸವು ಐದು ವರ್ಷ ಕಾಯುವುದಿಲ್ಲವಷ್ಟೆ! ಕೊಳ್ಳುವಾಗ ನಿವಾಸಿ, ಕೊಡುವಾಗ ಪರಕೀಯ, ಇದಾವ ನ್ಯಾಯ? ಕರೆಸಿಕೊಂಡ ಬಂಧುವು ಪೋಷಿಸುವೆನೆಂದು ಮುಚ್ಚಳಿಕೆ ಬರೆದುಕೊಟ್ಟಿಲ್ಲವೇ ಎನ್ನುವರು. ಬರೆದುಕೊಟ್ಟವನೇ ಹಾಸಿಗೆ ಹಿಡಿದರೆ?

ಹೋಗಲಿ, ಇದರಲ್ಲಿ ಮಿತವ್ಯಯವಾದರೂ ಉಂಟೇ? ಮಧುಮೇಹಿಯಾದ ಬಡವನಿಗೆ ನಿತ್ಯದ ಔಷಧವನ್ನು ನಿರಾಕರಿಸಿ, ಕಾಲು ಕೊಳೆತು ಪ್ರಾಣಕ್ಕೆ ಸಂಚಕಾರ ಬಂದಾಗ ತುರ್ತುಚಿಕಿತ್ಸೆಯ ವೆಚ್ಚವನ್ನು ಇದೇ ಮೆಡಿಕೇಡ್ ತೆರುವುದು. ಕಾಲನ್ನು ಕತ್ತರಿಸಲು ಹಣವುಂಟು, ಉಳಿಸಲು ಇಲ್ಲ.

ಎಲ್ಲಕ್ಕಿಂತ ಹೇಯವಾದುದು ಮಾರ್ಷಲ್ ದ್ವೀಪದವರ ವೃತ್ತಾಂತ. 1946ರಿಂದ 1958ರವರೆಗೆ ಅಮೆರಿಕಾ ಸರಕಾರವು ಆ ದ್ವೀಪಗಳಲ್ಲಿ 67 ಪರಮಾಣು ಸ್ಫೋಟಗಳನ್ನು ನಡೆಸಿತು. 1954ರ ಮಾರ್ಚ್ 1ರಂದು ಬಿಕಿನಿಯಲ್ಲಿ ಸಿಡಿದ ಬಾಂಬಿನ ವಿಷಬೂದಿಯು ರೊಂಗೆಲಾಪ್ ದ್ವೀಪದ ಮಕ್ಕಳ ಮೈಮೇಲೆ ಉದುರಿತು. ಆ ಮಕ್ಕಳಲ್ಲಿ ಅನೇಕರಿಗೆ ಮುಂದೆ ಥೈರಾಯ್ಡ್ ಗ್ರಂಥಿಯ ರೋಗಗಳು ತಲೆದೋರಿದುವು. 1986ರ ಒಡಂಬಡಿಕೆಯಂತೆ ಈ ಜನರು ಅಮೆರಿಕೆಯಲ್ಲಿ ನೆಲಸಿ ದುಡಿಯುವ ಹಕ್ಕನ್ನು ಪಡೆದರು, ಮೆಡಿಕೇಡಿಗೂ ಅರ್ಹರಾಗಿದ್ದರು. 1996ರ ಶಾಸನವು ಅವರಿಗೆ ಐದು ವರ್ಷಗಳ ಗಡುವನ್ನು ಸಹ ಕೊಡದೆ ಹೆಸರನ್ನೇ ಹೊಡೆದುಹಾಕಿತು. ವಯಸ್ಕರಿಗೆ ಆ ಅರ್ಹತೆಯು ಮರಳಿ ದೊರೆತುದು 2020ರ ಡಿಸೆಂಬರಿನಲ್ಲಿ. ರೋಗವನ್ನು ಕೊಟ್ಟ ಸರಕಾರವೇ ಮದ್ದಿಗೆ 24 ವರ್ಷ ಕಾಯಿಸಿತು!

ಇಷ್ಟಾದ ಮೇಲೂ ವಿವೇಕವು ಉದಿಸಲಿಲ್ಲ. ಇದುವರೆಗೆ ಗಡುವಿನ ಬಾಧೆಯಿಲ್ಲದಿದ್ದ ನಿರಾಶ್ರಿತರನ್ನೂ, ಆಶ್ರಯ ಮಂಜೂರಾದವರನ್ನೂ, ಶಾಶ್ವತವಾಸದ ಪರವಾನಗಿ ಪಡೆಯುವವರೆಗೆ 1-10-2026ರಿಂದ ಪಟ್ಟಿಯಿಂದ ತೆಗೆಯತಕ್ಕದ್ದೆಂದು 2025ರ ಜುಲೈ 4ರ ಶಾಸನವು ವಿಧಿಸಿದೆ. ಮಕ್ಕಳ ಮತ್ತು ಗರ್ಭಿಣಿಯರ ವಿಷಯದಲ್ಲಿ ಮಾತ್ರ, 2009ರ ಶಾಸನದಂತೆ, ಆಯಾ ಸಂಸ್ಥಾನದ ದಯೆ. ಬುತ್ತಿಯ ಮಾತನ್ನಾಡುವ ಪಂಡಿತರು ಇದಕ್ಕೇನೆನ್ನುವರು? ಉರಿಯುವ ಊರಿನಿಂದ ಓಡಿಬಂದವನಿಗೆ ಬುತ್ತಿ ಕಟ್ಟಿಕೊಳ್ಳಲು ಪುರಸೊತ್ತಿರಲಿಲ್ಲ. ಮುಚ್ಚಳಿಕೆ ಬರೆದುಕೊಡುವ ಬಂಧುವೂ ಅನೇಕವೇಳೆ ಇಲ್ಲ.