ವಿಚಾರವೆಂಬ ಹೊನ್ನು: ಮಳಖೇಡ, ಸನ್ನತಿ ಮತ್ತು ದೈನಂದಿನ ವಿವೇಕ

ಗ್ರಾಮಸಮಾಜದ ಮೂಢನಂಬಿಕೆಯನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಒಂದು ಪೂರ್ವಗ್ರಹದಿಂದ ಆರಂಭವಾಗುತ್ತವೆ. ವಿಚಾರಶಕ್ತಿ ಓದಿದವರ ಸ್ವತ್ತು, ಓದದವರಿಗೆ ಅದನ್ನು ಹೊರಗಿನಿಂದ ಒದಗಿಸಬೇಕು ಎಂಬುದೇ ಆ ಪೂರ್ವಗ್ರಹ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಪರಿಸರದ ಚರಿತ್ರೆಯಾಗಲಿ ಜನಜೀವನವಾಗಲಿ ಈ ನಿಲುವನ್ನು ಸಮರ್ಥಿಸುವುದಿಲ್ಲ.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು ಕ್ರಿ.ಶ. 850ರ ವೇಳೆಗೆ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ' ಕೇವಲ ಅಲಂಕಾರಗ್ರಂಥವಲ್ಲ. ದೋಷಯುಕ್ತ ಪದ್ಯವನ್ನೂ ಅದರ ತಿದ್ದಿದ ರೂಪವನ್ನೂ ಅಕ್ಕಪಕ್ಕದಲ್ಲಿರಿಸಿ ತೂಗಿ ನೋಡುವುದನ್ನು ಅದು ಕಲಿಸುತ್ತದೆ. ಓದದ ಜನರೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಒಪ್ಪುತ್ತದೆ. ಎಳೆಯ ಮಕ್ಕಳೂ ಮೂಕರೂ ತಿಳಿಸಿದರೆ ವಿವೇಕವನ್ನು ಗ್ರಹಿಸಬಲ್ಲರೆನ್ನುತ್ತದೆ. ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸುವ ಶಕ್ತಿಯೇ ನಿಜವಾದ ಹೊನ್ನೆಂಬುದು ಅದರ ನಿಲುವು.

ಇದಕ್ಕೂ ಸಾವಿರ ವರ್ಷಗಳಿಗೆ ಹಿಂದೆ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಇದೇ ಮಾತು ಕಲ್ಲಿನ ಮೇಲೆ ಮೂಡಿತ್ತು. ಅಲ್ಲಿ ದೊರೆತ ಅಶೋಕನ ಶಾಸನಗಳಲ್ಲಿ ಹನ್ನೆರಡನೆಯದು ಸ್ವಮತದ ಅತಿಪ್ರಶಂಸೆಯನ್ನೂ ಪರಮತದ ನಿಂದೆಯನ್ನೂ ತಡೆದು ನಾಲಗೆಯನ್ನು ಹಿಡಿತದಲ್ಲಿಡಬೇಕೆನ್ನುತ್ತದೆ. ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಆ ಶಿಲೆ, ಗುಡಿಯ ಮಾಳಿಗೆ ಕುಸಿದ ನಂತರ, 1986ರಲ್ಲಿ ಬೆಳಕಿಗೆ ಬಂದಿತು. ಕಣ್ಣೆದುರಿಗಿದ್ದುದನ್ನು ಓದದೆ ಪೂಜಿಸುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ.

ಇಂದಿನ ಬದುಕಿನಲ್ಲಿಯೂ ಈ ವಿವೇಚನೆ ಬತ್ತಿಲ್ಲ. ಶಹಾಬಾದದ ಗಣಿಯಲ್ಲಿ ಕಲ್ಲು ಒಡೆಯುವವನು ಪದರನ್ನು ಪರೀಕ್ಷಿಸಿದ ಮೇಲೆಯೇ ಉಳಿಯಿಡುತ್ತಾನೆ. ಸೇಡಂನ ತೊಗರಿ ಬೆಳೆಗಾರ ಅಡತಿಯವನು ಹೇಳಿದ ದರವನ್ನು ಇನ್ನೊಬ್ಬರಲ್ಲಿ ವಿಚಾರಿಸದೆ ನಂಬುವುದಿಲ್ಲ. ಚಿಂಚೋಳಿಯ ತಾಂಡಾದಿಂದ ಗುಳೆ ಹೊರಡುವ ಕುಟುಂಬ ಮುಂಗಡ, ಕೂಲಿ, ಮಕ್ಕಳ ಶಾಲೆ ಎಲ್ಲವನ್ನೂ ಲೆಕ್ಕ ಹಾಕುತ್ತದೆ. ಪುರಾವೆ ಕೇಳುವುದು, ಹೋಲಿಸುವುದು, ತೀರ್ಮಾನವನ್ನು ತಡೆಹಿಡಿಯುವುದು ಇವೇ ವಿಮರ್ಶೆಯ ಮೂಲಧಾತುಗಳು.

ಹಾಗಿದ್ದರೂ ಈ ಎಚ್ಚರ ಕೆಲವು ಹೊಸ್ತಿಲುಗಳಲ್ಲಿ ನಿಂತುಬಿಡುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ನೀಗುವುದೆಂಬ ನಂಬಿಕೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ್ದು ವರದಿಯಾಯಿತು. ಮಕ್ಕಳಿಗೂ ಮೂಕರಿಗೂ ವಿವೇಕವುಂಟೆಂದು ಸಾರಿದ ಗ್ರಂಥ ಹುಟ್ಟಿದ ಜಿಲ್ಲೆಯಲ್ಲಿಯೇ ಇದು ನಡೆಯಿತು. ಆದರೆ ಆ ತಂದೆತಾಯಿಗಳನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭದ ತೀರ್ಪು. ದರ ಕೇಳಲು ಇನ್ನೊಂದು ಅಂಗಡಿಯಿರುವೆಡೆ ವಿವೇಕ ಕೆಲಸ ಮಾಡುತ್ತದೆ; ಮಗುವಿನ ಚಿಕಿತ್ಸೆಗೆ ಕೈಗೆಟಕುವ ಇನ್ನೊಂದು ದಾರಿ ಕಾಣದೆಡೆ ಹತಾಶೆ ಅದರ ಸ್ಥಾನವನ್ನು ಆಕ್ರಮಿಸುತ್ತದೆ. ಓದಿದವರು ಗ್ರಹಣದಂದು ಬಾಗಿಲಿಕ್ಕಿ ಕೂಡುವುದಕ್ಕೆ ಈ ಹತಾಶೆಯ ನೆಪವೂ ಇಲ್ಲ.

ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಮೂಲಭೂತ ಕರ್ತವ್ಯವಾಗಿದೆ. ಅಮಾನವೀಯ ಪದ್ಧತಿಗಳ ವಿರುದ್ಧ ಕರ್ನಾಟಕದಲ್ಲಿ 2017ರ ಅಧಿನಿಯಮವಿದೆ. ಕಾನೂನು ತಡೆಯಬಲ್ಲುದು, ವಿವೇಕವನ್ನು ಹುಟ್ಟಿಸಲಾರದು. ಅದಕ್ಕೆ ಗ್ರಾಮದ ಆರೋಗ್ಯಕೇಂದ್ರ ನಂಬಿಕೆಗೆ ಅರ್ಹವಾಗಬೇಕು. ತರಗತಿಯಲ್ಲಿ ಪ್ರಶ್ನೆ ಅವಿಧೇಯತೆಯೆನಿಸಿಕೊಳ್ಳಬಾರದು. ಕನ್ನಡ ಅಧ್ಯಯನಕ್ಕೂ ಇಲ್ಲಿ ಪಾಲುಂಟು. 'ಕವಿರಾಜಮಾರ್ಗ'ವನ್ನು ನಾಡಿನ ಗಡಿಯನ್ನು ಹೊಗಳುವ ಪಠ್ಯವಾಗಿ ಮಾತ್ರ ಬೋಧಿಸುವುದು ಸನ್ನತಿಯ ಶಿಲೆಯನ್ನು ಮತ್ತೆ ಪೀಠವಾಗಿಸಿದಂತೆ. ಗುಣದೋಷಗಳನ್ನು ತೂಗುವ ಅದರ ಕ್ರಮವನ್ನು ಗಣಿ, ಗದ್ದೆ, ಗಂಜುಗಳಲ್ಲಿ ಈಗಾಗಲೇ ಇರುವ ವಿವೇಕದೊಡನೆ ಬೆಸೆದಾಗ ಆ ಪರಂಪರೆ ಅಭಿಮಾನದ ವಸ್ತುವಾಗಿ ಉಳಿಯದೆ ಬಾಳಿನ ಬಳಕೆಗೆ ಒದಗುತ್ತದೆ.