ಗೀರು ಬೀಳದ ವಾಚು ಒಡೆದ ದಿನ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದ ಮೇಲೆ ಸ್ವಂತ ದುಡ್ಡಿನಲ್ಲಿ ಕೊಂಡ ಮೊದಲ ದೊಡ್ಡ ವಸ್ತು ಒಂದು ವಾಚು. ಕನ್ನಡಿಯಂತೆ ಹೊಳೆಯುವ ಕಪ್ಪು ಸೆರಾಮಿಕ್ ಕೇಸ್. ಆರು ತಿಂಗಳ ಸ್ಟೈಪೆಂಡ್‌ನಲ್ಲಿ ಉಳಿಸಿದ್ದೆಲ್ಲ ಅದಕ್ಕೇ ಹೋಯಿತು. ಅಂಗಡಿಯವರು ಬೀಗದ ಕೈಯಿಂದ ಅದರ ಮೇಲೆ ಗೀಚಿ ತೋರಿಸಿದರು. ಒಂದು ಗೆರೆಯೂ ಮೂಡಲಿಲ್ಲ. ‘ಜೀವನಪೂರ್ತಿ ಹೀಗೇ ಇರುತ್ತೆ ಸರ್’ ಅಂದರು. ನನ್ನನ್ನು ಯಾರಾದರೂ ಸರ್ ಅಂದಿದ್ದೂ ಅದೇ ಮೊದಲು. ತೆಗೆದುಕೊಂಡೇಬಿಟ್ಟೆ.

ಎಂಟು ತಿಂಗಳು ಬಸ್ಸಿನ ಕಂಬಿ, ವರ್ಕ್‌ಶಾಪಿನ ಬೆಂಚು ಎಲ್ಲದಕ್ಕೂ ತಾಗಿದರೂ ಅದಕ್ಕೆ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ರೂಮಿನಲ್ಲಿ ಮುಖ ತೊಳೆಯುವಾಗ ಬೇಸಿನ್ ಅಂಚಿನಿಂದ ಜಾರಿ ಟೈಲ್ಸ್ ಮೇಲೆ ಬಿತ್ತು. ಪಟ್ಟಿ ಕೂರಿಸುವ ಮೂಲೆಯೊಂದು ಚೂರಾಗಿ ಹಾರಿಹೋಗಿತ್ತು. ಅಲ್ಲಿಂದ ಕೂದಲೆಳೆಯಷ್ಟು ಬಿರುಕು. ಮುಳ್ಳುಗಳು ಮಾತ್ರ ಏನೂ ಆಗದಂತೆ ಓಡುತ್ತಿದ್ದವು.

ಸರ್ವಿಸ್ ಸೆಂಟರ್‌ನಲ್ಲಿ ಸಿಕ್ಕ ಉತ್ತರ ಚಿಕ್ಕದು: ‘ಇದು ರಿಪೇರಿ ಆಗಲ್ಲ, ಕೇಸನ್ನೇ ಬದಲಾಯಿಸಬೇಕು. ಬಿದ್ದು ಒಡೆದಿದ್ದಕ್ಕೆ ವಾರಂಟಿ ಇಲ್ಲ.’ ಹೊಸ ಕೇಸಿನ ಬೆಲೆ ಹೆಚ್ಚುಕಡಿಮೆ ಅರ್ಧ ವಾಚಿನ ಬೆಲೆ!

ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಆದರೆ ಪೂರ್ತಿ ಹೇಳಿರಲಿಲ್ಲ. ನಾಚಿಕೆಯ ಸಂಗತಿ ಎಂದರೆ, ಉಳಿದರ್ಧ ನನಗೇ ಗೊತ್ತಿರಬೇಕಿತ್ತು. ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ನಲ್ಲಿ ಹಾರ್ಡ್‌ನೆಸ್ ಅಳೆಯಲು ಒಂದು ಯಂತ್ರ, ಪೆಟ್ಟು ತಡೆಯುವ ಶಕ್ತಿ ಅಳೆಯಲು ಇನ್ನೊಂದು ಯಂತ್ರ ಇದ್ದವು. ಎರಡೂ ಬೇರೆ ಬೇರೆ ಗುಣ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಬಾಯಿಪಾಠ ಮಾಡಿದ್ದು ಅಂಗಡಿಯಲ್ಲಿ ನೆನಪಿಗೆ ಬರಲಿಲ್ಲ.

ವಾಚಿಗೆ ಬಳಸುವ ಸೆರಾಮಿಕ್ ಸಾಮಾನ್ಯವಾಗಿ ಜಿರ್ಕೋನಿಯಂ ಆಕ್ಸೈಡ್. ಹಲ್ಲಿಗೆ ಹಾಕುವ ಜಿರ್ಕೋನಿಯಾ ಕ್ಯಾಪ್ ಕೂಡ ಇದರದ್ದೇ. ಪುಡಿಯನ್ನು ಅಚ್ಚಿಗೆ ಒತ್ತಿ, 1,400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿ ಸುಡುತ್ತಾರೆ. ಸುಡುವಾಗ ಅದು ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆ. ಆಮೇಲೆ ಅಳತೆ ತಿದ್ದಬೇಕಾದರೆ ವಜ್ರದ ಉಪಕರಣವೇ ಬೇಕು. ವಿಕರ್ಸ್ ಮಾಪನದಲ್ಲಿ ಇದರ ಗಡಸುತನ ಸುಮಾರು 1,200. ವಾಚಿನ ಸ್ಟೀಲಿನದು 200ರ ಆಸುಪಾಸು. ರ‍್ಯಾಡೊ, ಐಡಬ್ಲ್ಯುಸಿ ಕಂಪನಿಗಳು 1986ರಲ್ಲೇ ಸೆರಾಮಿಕ್ ವಾಚು ಹೊರತಂದಿದ್ದವು. ಅಂದರೆ ಇದೇನೂ ನಿನ್ನೆ ಮೊನ್ನೆಯ ಪ್ರಯೋಗವಲ್ಲ.

ಆದರೆ ಸ್ಟೀಲ್ ಬಿದ್ದರೆ ನೆಗ್ಗುತ್ತದೆ. ನೆಗ್ಗುವುದೆಂದರೆ ಪೆಟ್ಟನ್ನು ನುಂಗುವುದು. ಸೆರಾಮಿಕ್‌ಗೆ ನೆಗ್ಗಲು ಬರುವುದಿಲ್ಲ. ತಾಳುವಷ್ಟು ತಾಳಿ, ಮಿತಿ ಮೀರಿದರೆ ಒಡೆಯುತ್ತದೆ. ಒಡೆದದ್ದನ್ನು ಬೆಸೆಯಲಾಗದು, ಮಾಮೂಲಿ ಪಾಲಿಶ್ ಚಕ್ರಕ್ಕೂ ಅದು ಬಗ್ಗುವುದಿಲ್ಲ.

ಊರಿಗೆ ಹೋದಾಗ ವಾಚ್ ರಿಪೇರಿ ಮಾಡುವ ಯಜಮಾನರಿಗೆ ತೋರಿಸಿದೆ. ಅಪ್ಪನ ಎಚ್‌ಎಂಟಿಯನ್ನು ವರ್ಷಗಳಿಂದ ನೋಡಿಕೊಳ್ಳುತ್ತಿರುವವರು ಅವರೇ. ಆ ವಾಚಿನ ಮೈಮೇಲೆ ಗೀರಿಲ್ಲದ ಜಾಗವೇ ಇಲ್ಲ. ಗಾಜು ಬದಲಾಗಿದೆ, ಕೀಲಿ ಬದಲಾಗಿದೆ, ಎರಡು ಸಲ ಪಾಲಿಶ್ ಆಗಿದೆ. ಈಗಲೂ ಓಡುತ್ತಿದೆ. ಯಜಮಾನರು ನನ್ನ ವಾಚನ್ನು ಲೆನ್ಸ್ ಹಾಕಿ ನೋಡಿ, ‘ಮೆಷೀನು ಚೆನ್ನಾಗಿದೆ ಕಣಪ್ಪಾ, ಮೈಯೇ ಹೋಗಿದೆ. ಇದಕ್ಕೆ ನನ್ನ ಹತ್ರ ಮದ್ದಿಲ್ಲ’ ಎಂದು ವಾಪಸ್ ಕೊಟ್ಟರು. ಸೆರಾಮಿಕ್ ಚೈನಿನ ಪಿನ್ನನ್ನೂ ಸುತ್ತಿಗೆಯಿಂದ ತಟ್ಟಿ ತೆಗೆಯಬಾರದು, ಕೊಂಡಿಯೇ ಸೀಳಬಹುದು ಎಂದರು.

ಹಾಗಂತ ಸೆರಾಮಿಕ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಲೋಹ ತಾಗಿದರೆ ಚರ್ಮ ಕೆರೆಯುವವರಿಗೆ ಇದು ಒಳ್ಳೆಯದು. ಬಣ್ಣ ಮೇಲಿನ ಲೇಪವಲ್ಲ, ಒಳಗೂ ಅದೇ ಇರುವುದರಿಂದ ಸವೆದು ಮಾಸುವುದಿಲ್ಲ. ಜೋಪಾನವಾಗಿ ಇಟ್ಟುಕೊಳ್ಳಬಲ್ಲವರು, ಒಡೆದರೆ ಮತ್ತೊಂದು ಕೇಸಿಗೆ ಕೊಡಬಲ್ಲವರು ಧಾರಾಳವಾಗಿ ಕೊಳ್ಳಲಿ. ಹಾಸ್ಟೆಲ್ಲು, ಸಿಟಿ ಬಸ್ಸು, ಲ್ಯಾಬು ಎಂದು ಓಡಾಡುವ ನಮ್ಮಂಥವರ ಮೊದಲ ವಾಚು ಮಾತ್ರ ಗೀರು ಬಿದ್ದರೂ ರಿಪೇರಿಯಾಗುವ ಸ್ಟೀಲಿನದೇ ಇರಲಿ ಎಂಬುದು ನನ್ನ ಅಭಿಪ್ರಾಯ. ಮಾರುವವರೂ ಅಷ್ಟೆ. ಗೀಚಿ ತೋರಿಸುವ ಮುನ್ನ, ಒಡೆದರೆ ಕೇಸಿಗೆ ಎಷ್ಟಾಗುತ್ತದೆ ಎಂಬುದನ್ನು ಬಿಲ್ಲಿನ ಪಕ್ಕದಲ್ಲೇ ಬರೆದು ಕೊಡಲಿ.

ನನ್ನ ರೂಮ್‌ಮೇಟ್‌ಗೆ ಮುಂದಿನ ತಿಂಗಳು ಮೊದಲ ಸಂಬಳ ಬರುತ್ತದೆ. ಅವನಿಗೂ ಕಪ್ಪು ಸೆರಾಮಿಕ್ ವಾಚಿನ ಮೇಲೇ ಕಣ್ಣು. ಬೇಡ ಅನ್ನಲಿಲ್ಲ. ‘ಪೂರ್ತಿ ಸೆರಾಮಿಕ್ಕಾ, ಬರೀ ಲೇಪನಾ? ಕೇಸ್ ಒಡೆದರೆ ಸಿಗುತ್ತಾ, ಎಷ್ಟು? ಇಷ್ಟು ಕೇಳಿ ಆಮೇಲೆ ದುಡ್ಡು ಕೊಡು’ ಅಂದಿದ್ದೇನೆ. ಆ ಪ್ರಶ್ನೆ ನಾನು ಕೇಳಿದ್ದರೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಕೇಳದೆ ಆರು ತಿಂಗಳ ಉಳಿತಾಯ ಮೇಜಿನ ಡ್ರಾಯರ್ ಸೇರಿದೆ.